ಅಜ್ಜ ಸಹಿ ಮಾಡದ ಅರ್ಜಿ

ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಒಂದು ಅರ್ಜಿ ಇದೆ. ಗೆರೆ ಹಾಕಿದ ಉದ್ದನೆಯ ಕಾಗದ, ಮಡಿಕೆಯ ಜಾಗದಲ್ಲಿ ಹರಿದಿದೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಕೊಡಿ ಅಂತ 1972ರಲ್ಲಿ ಬರೆದದ್ದು. ದುಂಡನೆಯ ಅಕ್ಷರ ನಮ್ಮೂರ ಮಾಸ್ತರರದು. ಅರ್ಜಿದಾರ ನೇತಾಜಿಯವರ ಆಜಾದ್ ಹಿಂದ್ ಫೌಜಿನಲ್ಲಿದ್ದವನು, ಪರದೇಶದಲ್ಲಿ ಸೆರೆ ಅನುಭವಿಸಿದವನು ಅಂತ ಅದರಲ್ಲಿ ಇದೆ. ಕೆಳಗೆ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಹಾಕಿದ್ದಾರೆ, ಇಲ್ಲಿ ಸಹಿ ಮಾಡು ಅಂತ. ಆ ಗುರುತಿನ ಮುಂದೆ ಏನೂ ಇಲ್ಲ.

ಅಜ್ಜ ಸಹಿ ಮಾಡಲಿಲ್ಲ. ಅವನಿಗೆ ಸಹಿ ಬರುತ್ತಿತ್ತು, ಪಲ್ಟನಿನಲ್ಲಿ ಕಲಿತಿದ್ದ.

ಈ ಒಂದು ಸಹಿಯಿಂದ ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷ ಮಾತು ನೆಟ್ಟಗಿರಲಿಲ್ಲ. ಕಾಕಾ ಓದು ಬಿಟ್ಟು ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಗೆ ಸೇರಿದ್ದು ಅದೇ ವರ್ಷ. ಅಜ್ಜ ತೀರಿಕೊಂಡ ದಿನವೂ ಕಾಕಾ ಹಿತ್ತಲಿನಲ್ಲಿ ನಿಂತು ಬೀಡಿ ಸೇದುತ್ತಿದ್ದರು, ಒಳಗೆ ಬರಲಿಲ್ಲ. ನಾನು ಆಗ ಸಣ್ಣವನು. ದೊಡ್ಡವನಾದ ಮೇಲೆ ಟ್ರಂಕಿನ ಕಾಗದ, ಆಯಿ, ಅಂದರೆ ಅಜ್ಜಿ, ಹೇಳಿದ ಕಥೆ, ಪುಸ್ತಕದಲ್ಲಿ ಸಿಗುವ ಯುದ್ಧದ ಇತಿಹಾಸ, ಮೂರನ್ನೂ ಎದುರುಬದುರು ಇಟ್ಟು ನೋಡಿದೆ. ತಿಳಿಯಬೇಕಾದದ್ದು ಎರಡೇ. ಅಜ್ಜ ನಿಜವಾಗಿ ಆಜಾದ್ ಹಿಂದ್‌ನಲ್ಲಿದ್ದನಾ? ಇರಲಿಲ್ಲ ಅಂದರೆ, 1946ರಲ್ಲಿ ಊರವರು ಅದೇ ಹೆಸರಿನಲ್ಲಿ ಹಾರ ಹಾಕಿದಾಗ ಸುಮ್ಮನೆ ಹಾಕಿಸಿಕೊಂಡವನು 1972ರಲ್ಲಿ ಯಾಕೆ ಒಲ್ಲೆ ಅಂದ?

ಮೊದಲು ಅಜ್ಜನ ಬಗ್ಗೆ ಸ್ವಲ್ಪ. ಊರು ಬೈಲಹೊಂಗಲದ ಕಡೆ. ಜಾತಿಯಿಂದ ಮರಾಠರು, ಮನೆಮಾತು ಕನ್ನಡ. ನಮ್ಮ ಕಡೆ ಇದೇನು ವಿಶೇಷ ಅಲ್ಲ, ಬೆಳಗಾವಿಯ ಹಳ್ಳಿಗಳಲ್ಲಿ ಇಂಥ ಮನೆ ಬೇಕಾದಷ್ಟಿವೆ. 1922ರಿಂದ ಮರಾಠಾ ಪಲ್ಟನುಗಳ ತರಬೇತಿ ಬೆಳಗಾವಿಯಲ್ಲೇ. ಎರಡನೇ ಮಹಾಯುದ್ಧ ಶುರುವಾದಾಗ ಅಜ್ಜ ಇಬ್ಬರು ಗೆಳೆಯರ ಜೊತೆ ನಡೆದುಕೊಂಡು ಬೆಳಗಾವಿ ಕ್ಯಾಂಪಿಗೆ ಹೋಗಿ ಭರ್ತಿಯಾದ. ಹೊಲ ಆರು ಎಕರೆ, ಅಣ್ಣತಮ್ಮಂದಿರು ನಾಲ್ಕು ಜನ, ಇಷ್ಟು ಹೇಳಿದರೆ ಯಾಕೆ ಹೋದ ಅಂತ ಬೇರೆ ಹೇಳಬೇಕಾಗಿಲ್ಲ. ದೇಶಭಕ್ತಿ, ರಾಜಭಕ್ತಿ ಎರಡೂ ಅವನ ತಲೆಯಲ್ಲಿ ಇರಲಿಲ್ಲ ಅಂತ ನನ್ನ ಅಂದಾಜು. ಪಗಾರ ಇತ್ತು.

ಅವನನ್ನು ಕಳಿಸಿದ್ದು ಎರಡನೇ ಬಟಾಲಿಯನ್ನಿಗೆ. ಹಳೆಯ 105ನೇ ಪಲ್ಟನ್, 'ಕಾಳಿ ಪಾಚವಿ' ಅಂತ ಹೆಸರು. ಬೆಳಗಾವಿಯಲ್ಲಿ ಈಗಲೂ ಹಳೇ ಫೌಜಿಗಳ ಮುಂದೆ ಆ ಹೆಸರು ತೆಗೆದರೆ ಕುರ್ಚಿ ಸರಿಸಿ ಕೂರಿಸುತ್ತಾರೆ. ಆ ಬಟಾಲಿಯನ್ ಆಗ ಉತ್ತರ ಆಫ್ರಿಕಾದ ಮರಳಿನಲ್ಲಿತ್ತು, ನಾಲ್ಕನೇ ಭಾರತೀಯ ಡಿವಿಜನ್ನಿನ 11ನೇ ಬ್ರಿಗೇಡಿನಲ್ಲಿ. ಜೊತೆಗೆ ಸ್ಕಾಟ್ಲೆಂಡಿನ ಕ್ಯಾಮರೂನ್ ಪಲ್ಟನ್, ಒಂದು ಗೂರ್ಖಾ ಪಲ್ಟನ್. 1942ರ ಜೂನ್‌ನಲ್ಲಿ ಈ ಬ್ರಿಗೇಡನ್ನು ಲಿಬಿಯಾದ ಟೋಬ್ರುಕ್ ಬಂದರಿನ ಕಾವಲಿಗೆ ಇಟ್ಟಿದ್ದರು.

ಟೋಬ್ರುಕ್ ಸುತ್ತ ಸುಮಾರು ಐವತ್ತು ಕಿಲೋಮೀಟರಿನ ಕೋಟೆಸಾಲು. ಕೋಟೆ ಅಂದರೆ ಗೋಡೆಯಲ್ಲ. ನೆಲದೊಳಗಿನ ಕಾಂಕ್ರೀಟ್ ಗುಂಡಿಗಳು, ಮುಳ್ಳುತಂತಿ, ಟ್ಯಾಂಕು ತಡೆಯೋಕೆ ತೋಡಿದ ಕಂದಕ, ಸುರಂಗಬಾಂಬು. ಹಿಂದಿನ ವರ್ಷ, 1941ರಲ್ಲಿ, ಇದೇ ಊರು ತಿಂಗಳುಗಟ್ಟಲೆ ಮುತ್ತಿಗೆ ತಡೆದು ನಿಂತಿತ್ತು. ಆದರೆ 1942ರ ಹೊತ್ತಿಗೆ ಕಂದಕದಲ್ಲಿ ಅಲ್ಲಲ್ಲಿ ಮರಳು ತುಂಬಿತ್ತು, ಬಾಂಬುಗಳಲ್ಲಿ ಎಷ್ಟೋ ಕಿತ್ತುಕೊಂಡು ಹೋಗಿ ಪಶ್ಚಿಮಕ್ಕೆ ಗಜಾಲಾ ಸಾಲಿನಲ್ಲಿ ಹುಗಿದಿದ್ದರು. ಗಜಾಲಾ ಕಾಳಗ ಸೋತಮೇಲೆ ಇಲ್ಲಿ ಉಳಿದದ್ದು ಹಳೇ ಹೆಸರು ಮಾತ್ರ.

ಜೂನ್ 20ರ ಬೆಳಿಗ್ಗೆ ಐದರ ಸುಮಾರಿಗೆ ಜರ್ಮನ್ ಸೇನಾಪತಿ ರೊಮೆಲ್ ಹೊಡೆದ. ಎಲ್ಲಿಗೆ? ಆಗ್ನೇಯ ಮೂಲೆಗೆ, ಸರಿಯಾಗಿ ಮರಾಠಾ ಬಟಾಲಿಯನ್ ಇದ್ದಲ್ಲಿಗೆ. ಮೊದಲು ವಿಮಾನ, ಜೊತೆಗೆ ಫಿರಂಗಿ. ಹೊಗೆ ಧೂಳಿನ ಮರೆಯಲ್ಲಿ ಜರ್ಮನ್ ಇಂಜಿನಿಯರುಗಳು ಕಂದಕಕ್ಕೆ ಸೇತುವೆ ಹಾಕಿದರು, ಟ್ಯಾಂಕು ಒಳಗೆ ಬಂದವು. ಸಂಜೆಯ ಹೊತ್ತಿಗೆ ಅವು ಬಂದರಿನಲ್ಲಿದ್ದವು. ಮರುದಿನ, ಜೂನ್ 21ರಂದು, ದಂಡಿನ ಮುಖ್ಯಸ್ಥ, ದಕ್ಷಿಣ ಆಫ್ರಿಕಾದ ಜನರಲ್ ಕ್ಲಾಪರ್ ಶರಣಾದ. ಸುಮಾರು 33,000 ಜನ ಸೆರೆ. ಹಿಟ್ಲರ್ ರೊಮೆಲ್‌ನನ್ನು ಫೀಲ್ಡ್ ಮಾರ್ಷಲ್ ಮಾಡಿದ. ಸುದ್ದಿ ಬಂದಾಗ ಚರ್ಚಿಲ್ ವಾಷಿಂಗ್ಟನ್ನಿನಲ್ಲಿ ರೂಸ್‌ವೆಲ್ಟ್ ಎದುರು ಕೂತಿದ್ದ.

ಅಜ್ಜ ಆ ದಿನದ ಬಗ್ಗೆ ಆಯಿಗೆ ಹೇಳಿದ್ದು ಇಷ್ಟೇ. ಅವನ ಬಲಗಡೆಯ ಗುಂಡಿಯಿಂದ ಗುಂಡಿನ ಸದ್ದು ನಿಂತಿತು. ಆಮೇಲೆ ಎಡಗಡೆಯದು. ಆಮೇಲೆ ಹಿಂದೆ ಟ್ಯಾಂಕಿನ ಸದ್ದು ಕೇಳಿತು. "ಮುಂದ ಅಲ್ಲ, ಹಿಂದ" ಅಂತ ಎರಡು ಸಲ ಹೇಳುತ್ತಿದ್ದನಂತೆ. ಹಿಂದೆ ತಿರುಗಿ ನೋಡಿದಾಗ ಒಬ್ಬ ಜರ್ಮನ್ ಮೇಲೆ ನಿಂತು ಕೈಸನ್ನೆ ಮಾಡಿ ಎದ್ದು ಬಾ ಅಂದ, ಹೊಲದ ಬದುವಿನ ಮೇಲೆ ನಿಂತು ಆಳನ್ನು ಕರೆದ ಹಾಗೆ. ಎದ್ದು ಹೋದ. ಅಷ್ಟೇ ಯುದ್ಧ.

ಇದನ್ನು ಯಾಕೆ ಇಷ್ಟು ಬರೆದೆ ಅಂದರೆ, 1944ರ ಕೊನೆಯಲ್ಲಿ ಅಜ್ಜ ಮೊದಲ ಸಲ ರಜೆಗೆ ಬಂದಾಗ ಊರಲ್ಲಿ ಅವನಿಗೆ ಇದ್ದ ಹೆಸರು 'ಕೈ ಎತ್ತಿದಾಂವ'. ಹೊತ್ತಿಲ್ಲದ ಹೊತ್ತಿನಲ್ಲಿ, ಬಾವಿಕಟ್ಟೆಯ ಮೇಲೆ, ನಗುತ್ತಲೇ ಅನ್ನುತ್ತಿದ್ದರು. ಹಳೇ ಬಾಂಬು ಕಿತ್ತವರು ಯಾರೋ, ಕಂದಕ ಹಸನು ಮಾಡಿಸದೆ ಬಿಟ್ಟವರು ಯಾರೋ, ಬಿಳಿ ಬಾವುಟ ಹಾರಿಸಿದವರು ಯಾರೋ. ಸಿಪಾಯಿಗೆ ಇದರಲ್ಲಿ ಯಾವ ಮಾತೂ ಇರಲಿಲ್ಲ. ಆದರೆ ಬಾವಿಕಟ್ಟೆಗೆ ಸಿಕ್ಕವನು ಸಿಪಾಯಿ ಒಬ್ಬನೇ.

ಮನೆಗೆ ಮೊದಲು ಬಂದದ್ದು 'ಮಿಸ್ಸಿಂಗ್' ಅಂತ ಒಂದು ಕಾಗದ. ಓದಿ ಹೇಳಿದವರು ಕಾಣೆಯಾಗಿದ್ದಾನೆ ಅಂದರು. ಆಯಿಗೆ ಅಂದರೆ ಸತ್ತ ಅಂತಲೇ ಅರ್ಥವಾಯಿತು, ಆದರೆ ಅತ್ತೆ ಬಳೆ ಒಡೆಯಲು ಬಿಡಲಿಲ್ಲ. ಕೆಲವು ತಿಂಗಳ ಮೇಲೆ ಇನ್ನೊಂದು ಕಾರ್ಡ್ ಬಂತು. ಅದು ಟ್ರಂಕಿನಲ್ಲಿದೆ. ಅಂಗೈಯಷ್ಟು ದಪ್ಪ ಕಾಗದ, ಅಚ್ಚಾದ ಸಾಲು, ಖಾಲಿ ಜಾಗದಲ್ಲಿ ಪೆನ್ಸಿಲಿನ ಬರಹ, ಸೆನ್ಸಾರಿನ ಮೊಹರು. 1929ರ ಜಿನೀವಾ ಒಪ್ಪಂದದ ಪ್ರಕಾರ ಸೆರೆಯಾಳು ಕ್ಯಾಂಪಿಗೆ ಬಂದ ಒಂದು ವಾರದೊಳಗೆ ಮನೆಗೆ ಇಂಥ ಕಾರ್ಡ್ ಬರೆಯೋಕೆ ಬಿಡಬೇಕು. ಬರೆದದ್ದು ವಾರದೊಳಗೇ ಇರಬಹುದು, ನಮ್ಮೂರಿಗೆ ಮುಟ್ಟಿದ್ದು ಸುಗ್ಗಿ ಮುಗಿದ ಮೇಲೆ. ಅದರಲ್ಲಿ 'ಪಿ.ಜಿ. 91' ಅಂತ ಇದೆ. ಪಿ.ಜಿ. ಅಂದರೆ ಇಟಾಲಿಯನ್ನಿನಲ್ಲಿ ಯುದ್ಧಕೈದಿ ಅನ್ನೋ ಮಾತಿನ ಮೊದಲಕ್ಷರ. 91ನೇ ಕ್ಯಾಂಪ್ ಇದ್ದದ್ದು ಅವೆಝಾನೋದಲ್ಲಿ, ರೋಮಿನಿಂದ ಪೂರ್ವಕ್ಕೆ ಅಬ್ರುಝೋ ಗುಡ್ಡಗಾಡಿನಲ್ಲಿ. ಅಲ್ಲಿ ಇಟ್ಟಿದ್ದು ಭಾರತದ ಸೈನಿಕರನ್ನು.

ಆಫ್ರಿಕಾದಿಂದ ಅಲ್ಲಿಗೆ ಹೋದ ದಾರಿಯ ಬಗ್ಗೆ ಅಜ್ಜ ಬಾಯಿ ಬಿಡುತ್ತಿರಲಿಲ್ಲ. ಬೆಂಗಾಜಿಯ ಬಯಲಿನಲ್ಲಿ ಕೂಡಿ ಹಾಕಿದ್ದು, ನೀರಿಗಾಗಿ ಜಗಳ, ಭೇದಿ, ಇಷ್ಟನ್ನು ಬೇರೆ ಸೆರೆಯಾಳುಗಳೆಲ್ಲ ಹೇಳಿದ್ದಾರೆ. ಹಡಗಿನ ತಳದಲ್ಲಿ ತುಂಬಿ ಸಮುದ್ರ ದಾಟಿಸುತ್ತಿದ್ದರು. 1942ರ ಆಗಸ್ಟ್ 17ರಂದು ನೀನೋ ಬಿಕ್ಸಿಯೋ ಅನ್ನೋ ಅಂಥ ಒಂದು ಹಡಗಿಗೆ ಬ್ರಿಟಿಷರದೇ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು, ಒಳಗೆ ತಮ್ಮವರೇ ಇದ್ದಾರೆ ಅಂತ ಗೊತ್ತಿಲ್ಲದೆ. ಮುನ್ನೂರಕ್ಕೂ ಜಾಸ್ತಿ ಕೈದಿಗಳು ಸತ್ತರು. ಅಜ್ಜ ಕೊನೇವರೆಗೂ ಕೆರೆಯಲ್ಲಿ ಈಜುತ್ತಿರಲಿಲ್ಲ, ಸಣ್ಣವನಿದ್ದಾಗ ಚೆನ್ನಾಗಿ ಈಜುತ್ತಿದ್ದನಂತೆ. ಇದಕ್ಕೂ ಅದಕ್ಕೂ ಗಂಟು ಹಾಕಬೇಕೋ ಬೇಡವೋ, ಬಿಡಿ.

ಕ್ಯಾಂಪಿನ ಬಗ್ಗೆ ಹೇಳುತ್ತಿದ್ದದ್ದು ಬರೀ ಊಟದ ಸುದ್ದಿ. ಚಳಿಯ ಸುದ್ದಿ. ಲಂಡನ್ನಿನಲ್ಲಿ ಇಂಡಿಯನ್ ಕಂಫರ್ಟ್ಸ್ ಫಂಡ್ ಅಂತ ಒಂದಿತ್ತು. ಭಾರತದ ಕೈದಿಗಳಿಗೆ ಅಂತಲೇ ಬೇಳೆ, ಗೋಧಿ ಹಿಟ್ಟು, ಮಸಾಲೆ ಪುಡಿ ಹಾಕಿದ ಪೆಟ್ಟಿಗೆಗಳನ್ನು ಅದು ಕಟ್ಟಿಸುತ್ತಿತ್ತು, ರೆಡ್‌ಕ್ರಾಸ್ ಮೂಲಕ ಅವು ಕ್ಯಾಂಪಿಗೆ ಬರುತ್ತಿದ್ದವು. ಕೈದಿಗಳು ಖಾಲಿ ಡಬ್ಬಿ ಕತ್ತರಿಸಿ ಒಲೆ ಮಾಡಿಕೊಳ್ಳುತ್ತಿದ್ದರು. ಅಜ್ಜ ಆ ಒಲೆಯನ್ನು ನಮಗೆ ಒಮ್ಮೆ ಮಾಡಿ ತೋರಿಸಿದ. ಡಾಲ್ಡಾ ಡಬ್ಬಿಯ ಕೆಳಗೆ ಮೂರು ತೂತು, ಪಕ್ಕಕ್ಕೆ ಸಣ್ಣ ಬಾಯಿ, ಒಳಗೆ ನಾಲ್ಕು ತೊಗರಿಕಟ್ಟಿಗೆ ಚೂರು. ಅಷ್ಟರಲ್ಲೇ ಚಹಾ ಕುದಿಯಿತು. ಆಯಿ ಬಂದು "ಗ್ಯಾಸ್ ತಂದು ಮೂಲ್ಯಾಗ ಇಟ್ಟೇವಿ, ಇಲ್ಲಿ ಹೊಗಿ ಹಾಕ್ಕೋತ ಕುಂತಾನ" ಅಂದಳು. ಅವನು ನಕ್ಕ. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಕ್ಯಾಂಪಿನಲ್ಲಿ ಗೋಧಿ ಹಿಟ್ಟು ಕೈಗೆ ಹತ್ತುತ್ತಿರಲಿಲ್ಲವಂತೆ, ಪಂಜಾಬಿ ಒಬ್ಬ ಲಟ್ಟಿಸಿ ಕೊಡುತ್ತಿದ್ದ, ಇವನು ಅವನ ಬಟ್ಟೆ ಒಗೆಯುತ್ತಿದ್ದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೆರೆಯಾಳುಗಳ ಮುಂದೆ ಆಗ ನಿಜವಾಗಿ ಒಂದು ಬಾಗಿಲು ತೆರೆದಿತ್ತು. ಸುಭಾಷ್‌ಚಂದ್ರ ಬೋಸ್ 1941ರ ಏಪ್ರಿಲ್‌ನಲ್ಲಿ ಜರ್ಮನಿಗೆ ಬಂದಿದ್ದರು. ಆಫ್ರಿಕಾದಲ್ಲಿ ಸೆರೆಯಾದ ಭಾರತೀಯರನ್ನು ಅನ್ನಾಬುರ್ಗ್ ಅನ್ನೋ ಕ್ಯಾಂಪಿನಲ್ಲಿ ಸೇರಿಸಿ ಅವರಿಂದ ಒಂದು ದಂಡು ಕಟ್ಟುತ್ತಿದ್ದರು, ಆಜಾದ್ ಹಿಂದ್ ಲೀಜನ್. ಅದು ಕೆಲವು ಸಾವಿರದವರೆಗೆ ಬೆಳೆಯಿತು. ಇಟಲಿಯಲ್ಲೂ ಇಕ್ಬಾಲ್ ಶೇದಾಯಿ ಅನ್ನುವವರು ರೋಮಿನಿಂದ ರೇಡಿಯೋ ನಡೆಸುತ್ತ ಬೇರೆಯೇ ಒಂದು ಭಾರತೀಯ ದಂಡು ಮಾಡಿದ್ದರು, ಅದು 1942ರ ನವೆಂಬರಿನಲ್ಲಿ ಸೈನಿಕರೇ ತಿರುಗಿಬಿದ್ದು ಮುರಿದುಹೋಯಿತು. ಸಿಂಗಾಪುರದ ಕಡೆಯ ಆಜಾದ್ ಹಿಂದ್ ಫೌಜು, ಅಂದರೆ ಐಎನ್‌ಎ, ಅದರ ಕಥೆ ಎಲ್ಲರಿಗೂ ಗೊತ್ತು, ಯುರೋಪಿನ ಈ ಕಥೆ ನಮ್ಮಲ್ಲಿ ಅಷ್ಟು ಜನರಿಗೆ ಗೊತ್ತಿಲ್ಲ. ಹಾಗಾಗಿ ಊರವರ ತಲೆಯಲ್ಲಿ ಎಲ್ಲ ಒಂದೇ ಆಯಿತು: ಪರದೇಶದಲ್ಲಿ ಸೆರೆಯಾದವ ಅಂದರೆ ನೇತಾಜಿ ಹಿಂದೆ ಹೋದವ.

ಅಜ್ಜನ ಜೊತೆ ನಡೆದುಕೊಂಡು ಭರ್ತಿಗೆ ಹೋದ ಇಬ್ಬರಲ್ಲಿ ಒಬ್ಬ ಟೋಬ್ರುಕ್‌ನಲ್ಲೇ ತೀರಿಕೊಂಡ. ಇನ್ನೊಬ್ಬ, ಪಕ್ಕದ ಊರಿನವನು, ಲೀಜನ್ನಿಗೆ ಹೋದ. ಅಜ್ಜ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂತ ಆಯಿ ಕೇಳಿದ್ದಳು. "ಒಂದ್ ಸಲ ಆಣಿ ಮಾಡಿದ್ನೆಲ್ಲ, ಮತ್ತ ಇನ್ನೊಂದ್ ಏನ್ ಮಾಡೂದು" ಅಂದನಂತೆ. ಇದರಲ್ಲಿ ದೊಡ್ಡ ತತ್ವ ಹುಡುಕಬೇಡಿ. ಲೀಜನ್ನಿನ ಪ್ರಮಾಣವಚನದಲ್ಲಿ ಬೋಸರ ಹೆಸರಿನ ಜೊತೆ ಹಿಟ್ಲರನ ಹೆಸರೂ ಇತ್ತು, ಆದರೆ ಅಜ್ಜನಿಗೆ ಅದೆಲ್ಲ ಗೊತ್ತಿತ್ತು ಅಂತ ನಾನು ಹೇಳಲ್ಲ. ಹೋದವನಿಗೂ ಅವನದೇ ಕಾರಣ ಇತ್ತು. ಬೈಲಹೊಂಗಲ ತಾಲೂಕು ಅಂದರೆ ಸಂಗೊಳ್ಳಿ ರಾಯಣ್ಣನ ನೆಲ, ಕಿತ್ತೂರು ಅಲ್ಲೇ ಪಕ್ಕಕ್ಕೆ. ಇಂಗ್ಲಿಷರ ಮೇಲೆ ಬಂದೂಕು ಎತ್ತೋಣ ಬಾ ಅಂದರೆ ಅಲ್ಲಿನ ಹುಡುಗ ಹೋದ ಅನ್ನೋದರಲ್ಲಿ ಆಶ್ಚರ್ಯ ಏನಿದೆ?

1943ರ ಸೆಪ್ಟೆಂಬರ್ 8ರಂದು ಇಟಲಿ ಯುದ್ಧದಿಂದ ಹಿಂದೆ ಸರಿದ ಸುದ್ದಿ ಹೊರಬಿತ್ತು. ಕ್ಯಾಂಪಿನ ಕಾವಲುಗಾರರು ಅವರವರ ಊರಿನ ದಾರಿ ಹಿಡಿದರು. ಆಗ ಇಟಲಿಯಲ್ಲಿ ಇದ್ದ ಮಿತ್ರಪಕ್ಷದ ಕೈದಿಗಳು ಸುಮಾರು 80,000. ಇದ್ದಲ್ಲೇ ಇರಿ, ನಮ್ಮ ಸೈನ್ಯ ಬರುತ್ತದೆ ಅಂತ ಇಂಗ್ಲೆಂಡಿನಿಂದ ಗುಟ್ಟಾಗಿ ಹುಕುಂ ಬಂದಿತ್ತು. ಎಂಥ ಹುಕುಂ ನೋಡಿ! ಇದ್ದಲ್ಲೇ ಇದ್ದವರನ್ನು ಜರ್ಮನರು ಬಂದು ರೈಲಿಗೆ ತುಂಬಿದರು, ಐವತ್ತು ಸಾವಿರದಷ್ಟು ಜನ ಜರ್ಮನಿಯ ಕ್ಯಾಂಪುಗಳಿಗೆ ಹೋದರು. ಅಜ್ಜ ಇರಲಿಲ್ಲ. ನಾಲ್ಕು ಜನರ ಜೊತೆ ಗುಡ್ಡ ಹತ್ತಿದ.

ಟೋಬ್ರುಕ್‌ನಲ್ಲಿ ಅವನಿಗೆ ಏನೂ ತೀರ್ಮಾನ ಮಾಡೋಕೆ ಇರಲಿಲ್ಲ. ಸೆರೆಯಾದ ಮೇಲೆ ಎರಡು ಸಲ ಇತ್ತು. ಲೀಜನ್ನಿಗೆ ಹೋಗುವುದಾ ಬೇಡವಾ, ಕ್ಯಾಂಪಿನಲ್ಲಿ ಕೂರುವುದಾ ಬಿಡುವುದಾ. ಎರಡನ್ನೂ ಯಾರ ಹುಕುಂ ಇಲ್ಲದೆ, ಎರಡನೆಯದನ್ನು ಹುಕುಂ ಮೀರಿ, ತಾನೇ ಮಾಡಿದ. ಅವನ ಫೌಜಿನ ಬದುಕಿನಲ್ಲಿ ಅವನದು ಅಂತ ಇದ್ದದ್ದು ಇವೆರಡೇ ಅಂತ ನನಗೆ ಅನ್ನಿಸುತ್ತದೆ. ಸಹಿಯ ವಿಚಾರ ಇಲ್ಲಿಂದ ನೋಡಿದರೆ ಮಾತ್ರ ಅರ್ಥವಾಗುತ್ತದೆ.

ಅವೆಝಾನೋದ ಮುಂದೆ ಫುಚಿನೋ ಅಂತ ಒಂದು ಬಯಲಿದೆ. ಮೊದಲು ದೊಡ್ಡ ಕೆರೆ, ಹತ್ತೊಂಬತ್ತನೇ ಶತಮಾನದಲ್ಲಿ ಸುರಂಗ ತೋಡಿ ನೀರು ಹರಿಬಿಟ್ಟು ಹೊಲ ಮಾಡಿದರು. ಸುತ್ತ ಗುಡ್ಡ, ಗುಡ್ಡದಲ್ಲಿ ಕುರಿಯವರ ಹಟ್ಟಿ, ಕಲ್ಲಿನ ಹಳ್ಳಿ. ಅಲ್ಲಿಯ ರೈತರು ಓಡಿಬಂದ ಕೈದಿಗಳನ್ನು ಬಚ್ಚಿಟ್ಟರು. ಸಿಕ್ಕಿಬಿದ್ದರೆ ಬಚ್ಚಿಟ್ಟವನಿಗೆ ಮರಣದಂಡನೆ ಅಂತ ಜರ್ಮನರು ಗೋಡೆಗೆ ಹಚ್ಚಿದ್ದರು, ಹಿಡಿದುಕೊಟ್ಟರೆ ಇನಾಮು ಬೇರೆ. ಆದರೂ ಇಟ್ಟುಕೊಂಡರು. ಅಜ್ಜನನ್ನು ಇಟ್ಟುಕೊಂಡ ಮನೆಯಲ್ಲಿ ಒಬ್ಬ ಮುದುಕಿ, ಸೊಸೆ, ಎರಡು ಮಕ್ಕಳು. ಮಗ ರಷ್ಯಾದ ಯುದ್ಧಕ್ಕೆ ಹೋದವನು ಬಂದಿರಲಿಲ್ಲ. ಹಗಲು ಮೇಲಿನ ಗವಿ, ರಾತ್ರಿ ದನದ ಕೊಟ್ಟಿಗೆ.

ಆ ಮನೆಯಲ್ಲಿ ಹಲಗೆಯ ಮೇಲೆ ಹಳದಿ ಹಿಟ್ಟಿನ ಗಟ್ಟಿ ಗಂಜಿ ಸುರಿದು ಎಲ್ಲರೂ ಸುತ್ತ ಕೂತು ಅವರವರ ಕಡೆಯಿಂದ ತಿನ್ನುತ್ತಿದ್ದರು. ಅವರು ಅದನ್ನು ಪೊಲೆಂತಾ ಅನ್ನುತ್ತಾರೆ. ಅಜ್ಜ ಮೊದಲ ತುತ್ತಿಗೇ ಗುರುತು ಹಿಡಿದ. "ಗ್ವಾಂಜೋಳದ ನುಚ್ಚು. ಉಪ್ಪು ಕಡಿಮಿ." ಇಷ್ಟನ್ನು ಹೇಳುವಾಗ ಮಾತ್ರ ಅವನ ಮುಖ ಅರಳುತ್ತಿತ್ತು ಅಂತ ಆಯಿ ಹೇಳುತ್ತಿದ್ದಳು. ಮುದುಕಿಗೆ ಅವನು ಖಾರದ ಚಟ್ನಿ ಅರೆದು ಕೊಟ್ಟನಂತೆ. ಆ ಸೀಮೆಯವರೂ ಒಣಮೆಣಸಿನಕಾಯಿ ಬಳಸುತ್ತಾರೆ, ಹಾಗಾಗಿ ಮುದುಕಿ ಹೆದರಲಿಲ್ಲ, ಇನ್ನಷ್ಟು ಕೇಳಿದಳು.

ಇಲ್ಲಿ ನನ್ನ ಮೊದಲ ಪುರಾವೆ ಸಿಗುತ್ತದೆ, ಅದು ಕಾಗದ ಅಲ್ಲ, ಒಂದು ಆಟ. ನಮ್ಮ ಮನೆಯ ಮಕ್ಕಳು ಆಡುತ್ತಿದ್ದ ಅಡಗುವ ಆಟದಲ್ಲಿ ಒಬ್ಬ ಕೂಗಬೇಕು: "ತೆದೆಸ್ಕೀ!" ಕೂಗಿದ ತಕ್ಷಣ ಎಲ್ಲರೂ ಬಣವೆ ಹಿಂದೆ ಓಡಬೇಕು. ಅಪ್ಪ, ಕಾಕಾ, ಅತ್ತೆಯರು ಆಡಿದರು, ನಾವೂ ಆಡಿದೆವು. ಸೊಸೈಟಿಯ ವಸೂಲಿಯವರು ಓಣಿಗೆ ಬಂದರೆ ಆಯಿಯೂ ಒಳಗಿನಿಂದ ಮೆಲ್ಲಗೆ "ತೆದೆಸ್ಕಿ ಬಂದಾರ" ಅನ್ನುತ್ತಿದ್ದಳು. ಅದು ಯಾವ ಭಾಷೆ ಅಂತ ಯಾರೂ ಕೇಳಿರಲಿಲ್ಲ. ಎಷ್ಟೋ ವರ್ಷದ ಮೇಲೆ ನನಗೆ ಗೊತ್ತಾಯಿತು, ಇಟಾಲಿಯನ್ನಿನಲ್ಲಿ ತೆದೆಸ್ಕಿ ಅಂದರೆ ಜರ್ಮನರು. ಕೊಟ್ಟಿಗೆಯ ಬಾಗಿಲಿಗೆ ಬಂದು ಆ ಎರಡು ಮಕ್ಕಳು ಕೂಗುತ್ತಿದ್ದ ಮಾತು ಅದೇ ಇರಬೇಕು.

ಜರ್ಮನರ ದಂಡಿನಲ್ಲಿ, ಜರ್ಮನ್ ಅಧಿಕಾರಿಗಳ ಕೈಕೆಳಗೆ ಇದ್ದವನಾಗಿದ್ದರೆ ಅಜ್ಜನ ಬಾಯಲ್ಲಿ ಜರ್ಮನ್ ಮಾತು ಇರಬೇಕಿತ್ತು. ಒಂದೂ ಇರಲಿಲ್ಲ. ಇದ್ದದ್ದು ಜರ್ಮನರಿಗೆ ಹೆದರಿ ಅಡಗುವವರ ಮಾತು.

ಆದರೆ ಇಷ್ಟರಿಂದಲೇ ತೀರ್ಮಾನ ಮಾಡೋ ಹಾಗಿಲ್ಲ. ಲೀಜನ್ನಿನ ಒಂದು ಕಂಪನಿ 1944ರಲ್ಲಿ ಇಟಲಿಗೂ ಬಂದಿತ್ತು. ಅದರಲ್ಲಿದ್ದು, ಆಮೇಲೆ ಬಿಟ್ಟು ಓಡಿ, ರೈತರ ಮನೆಯಲ್ಲಿ ಅಡಗಿದ್ದರೆ? ಕಾಕಾನ ವಾದ ಇದೇ. ಬಹಳ ವರ್ಷ ಅವರು ಇದನ್ನೇ ಹಿಡಿದುಕೊಂಡು ಕೂತಿದ್ದರು: "ಅಂವ ಇದ್ದ. ಹೇಳಾಕ ಹೆದರಿದ."

ಇದಕ್ಕೆ ಉತ್ತರ ರೊಕ್ಕದಲ್ಲಿತ್ತು. ಸೆರೆಯಲ್ಲಿದ್ದಷ್ಟು ದಿನವೂ ಸಿಪಾಯಿಯ ಪಗಾರ ಅವನ ಲೆಕ್ಕಕ್ಕೆ ಜಮಾ ಆಗುತ್ತಿತ್ತು. ಸುಮ್ಮನಿದ್ದ ಕೈದಿಗೆ ಅದು ವಾಪಸು ಬಂದಮೇಲೆ ಸಿಕ್ಕಿತು. ಆಜಾದ್ ಹಿಂದ್‌ಗೆ ಹೋದವರನ್ನು ಬ್ರಿಟಿಷರು ಬಿಳಿ, ಬೂದು, ಕಪ್ಪು ಅಂತ ಮೂರು ಪಾಲು ಮಾಡಿದ್ದರು. ಮನಸ್ಸು ಪೂರ್ತಿ ಆ ಕಡೆಗಿತ್ತು ಅಂತ ಕಂಡವರು ಕಪ್ಪು. ಅವರಿಗೆ ಡಿಸ್ಮಿಸ್, ಜೊತೆಗೆ ಸೆರೆಯ ಕಾಲದ ಪಗಾರವೂ ಮುಟ್ಟುಗೋಲು. ಐಎನ್‌ಎ ಅಧಿಕಾರಿಗಳ ಮೇಲೆ ದೆಹಲಿಯ ಕೆಂಪುಕೋಟೆಯಲ್ಲಿ ನಡೆದ ವಿಚಾರಣೆಯಲ್ಲೂ ಹಾಗೇ ಆಯಿತು. ಶಾನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್, ಮೂವರಿಗೂ ಜೀವಾವಧಿ ಶಿಕ್ಷೆ ಹಾಕಿ, ದೇಶ ಎದ್ದು ನಿಂತಮೇಲೆ 1946ರ ಜನವರಿಯಲ್ಲಿ ಬಿಟ್ಟರು. ಶಿಕ್ಷೆ ಮಾಫ್ ಆಯಿತು, ಮುಟ್ಟುಗೋಲಾದ ಪಗಾರ ಮಾತ್ರ ಬರಲಿಲ್ಲ.

ಅಜ್ಜನ ಡಿಸ್ಚಾರ್ಜ್ ಪುಸ್ತಕ ಟ್ರಂಕಿನಲ್ಲೇ ಇತ್ತು. ಇಂಗ್ಲಿಷಿನಲ್ಲಿ ಇದ್ದದ್ದರಿಂದ ಯಾರೂ ಓದಿರಲಿಲ್ಲ, ಅಷ್ಟೇ. ಟೋಬ್ರುಕ್‌ನಲ್ಲಿ ಸೆರೆ. 1944ರ ಜೂನ್‌ನಲ್ಲಿ ಮಿತ್ರಪಕ್ಷದ ಕೈಗೆ ವಾಪಸು. ರೋಮ್ ಬಿದ್ದದ್ದು ಜೂನ್ 4ಕ್ಕೆ, ಮುಂದಿನ ವಾರದಲ್ಲಿ ನ್ಯೂಝಿಲೆಂಡಿನವರು ಅವೆಝಾನೋಗೆ ಬಂದರು, ಹಾಗಾಗಿ ತಾರೀಖು ಸರಿಯಾಗಿ ಕೂಡುತ್ತದೆ. ಅಂದರೆ ಒಂಬತ್ತು ತಿಂಗಳು ಆ ಗುಡ್ಡದಲ್ಲಿ, ಹಿಮದ ಚಳಿಗಾಲ ಸೇರಿ. ಆಮೇಲೆ ಬೆಳಗಾವಿಯ ಸೆಂಟರಿನಲ್ಲಿ ಡ್ಯೂಟಿ, 1946ರಲ್ಲಿ ಡಿಸ್ಚಾರ್ಜ್. ನಡತೆಯ ಮುಂದೆ ಒಳ್ಳೆಯ ಮಾತು. ಸೆರೆಯ ಕಾಲದ ಪಗಾರ ಪೂರ್ತಿ ಸಂದಾಯ. ಆ ರೊಕ್ಕದಲ್ಲೇ ಅಜ್ಜ ಒಂದು ಜೋಡಿ ಎತ್ತು ಕೊಂಡದ್ದು, ಬಾವಿಗೆ ಕಲ್ಲು ಕಟ್ಟಿಸಿದ್ದು. ಜೊತೆಗೆ ಕಂಚಿನ ಆಫ್ರಿಕಾ ಸ್ಟಾರ್, ಆರು ಮೂಲೆಯದು. ಮರಳಿನ ಬಣ್ಣದ ರಿಬ್ಬನ್ ಈಗ ನಶ್ಯದ ಬಣ್ಣಕ್ಕೆ ತಿರುಗಿದೆ, ನಡುವಿನ ಕೆಂಪು ಪಟ್ಟಿ ಇನ್ನೂ ಕಾಣುತ್ತದೆ.

ಲೀಜನ್ನಿನಲ್ಲಿ ಇರಲಿಲ್ಲ. ಇದು ಪಕ್ಕಾ. ಕಾಕಾನಿಗೆ ಪುಸ್ತಕ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, "ಇರಲಿಲ್ಲಂದ್ರ ಇರಲಿಲ್ಲ. ಒಂದ್ ಸಹಿ ಮಾಡಿದ್ರ ಏನ್ ಹೋಗತಿತ್ತು?" ಅಂದರು.

ಈ ಪ್ರಶ್ನೆಯನ್ನು ಹಗುರವಾಗಿ ತಗೊಳ್ಳೋ ಹಾಗಿಲ್ಲ. 1972 ಅಂದರೆ ಬರ. ಮಹಾರಾಷ್ಟ್ರ, ನಮ್ಮ ಉತ್ತರ ಕರ್ನಾಟಕ ಎಲ್ಲ ಒಣಗಿ ನಿಂತ ವರ್ಷ. ಅಜ್ಜನಿಗೆ ಫೌಜಿನ ಪಿಂಚಣಿ ಇರಲಿಲ್ಲ. ಸಿಪಾಯಿಗೆ ಪಿಂಚಣಿ ಬೇಕಂದರೆ ಹದಿನೈದು ವರ್ಷದ ಸೇವೆ ಬೇಕು, ಯುದ್ಧಕ್ಕೆ ಅಂತ ತಗೊಂಡವರನ್ನು ಯುದ್ಧ ಮುಗಿದಮೇಲೆ ಮನೆಗೆ ಕಳಿಸಿದ್ದರು. ಅದೇ ವರ್ಷದ ಆಗಸ್ಟ್ 15ಕ್ಕೆ, ಸ್ವಾತಂತ್ರ್ಯದ ಇಪ್ಪತ್ತೈದನೇ ವರ್ಷ ಅಂತ, ಕೇಂದ್ರ ಸರಕಾರ ಹೋರಾಟಗಾರರಿಗೆ ಪಿಂಚಣಿ ಶುರು ಮಾಡಿತು. ಆರು ತಿಂಗಳ ಜೈಲು ಕಂಡಿರಬೇಕು, ಐಎನ್‌ಎಯವರಿಗೂ ಉಂಟು, ತಿಂಗಳಿಗೆ 200 ರೂಪಾಯಿ. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದ ಮನೆಗೆ ಅದು ಎಷ್ಟು ದೊಡ್ಡದು ಅಂತ ಯೋಚಿಸಿ. ಕಾಕಾ ಆಗ ಪಿಯುಸಿ. ಮಾಸ್ತರರು ಒಳ್ಳೆಯ ಮನಸ್ಸಿನಿಂದಲೇ ಅರ್ಜಿ ಬರೆದು ತಂದರು. ಸುಳ್ಳು ಅಂತ ಅವರಿಗೆ ಗೊತ್ತಿರಲಿಲ್ಲ, ಊರೆಲ್ಲ ಹಾಗೇ ಹೇಳುತ್ತಿತ್ತಲ್ಲ.

ಆ ಸಂಜೆ ಪಡಸಾಲೆಯಲ್ಲಿ ನಡೆದದ್ದನ್ನು ಆಯಿ ನನಗೆ ಮೂರು ನಾಲ್ಕು ಸಲ ಹೇಳಿದ್ದಾಳೆ, ಪ್ರತಿ ಸಲವೂ ಒಂದೇ ಥರ. ಮಾಸ್ತರರು ಅರ್ಜಿ ಓದಿದರು. ಅಜ್ಜ ಪೂರ್ತಿ ಕೇಳಿದ. ಪೆನ್ನು ಕೈಗೆ ಕೊಟ್ಟರು, ತಗೊಂಡ. ಪೆನ್ನಿನ ಮುಚ್ಚಳ ಹಾಕಿದ. ಆಮೇಲೆ ಕೇಳಿದ.

"ಮಾಸ್ತರ್ರ, ಇದು ಆಜಾದ್ ಹಿಂದ್‌ನವ್ರಿಗೆ ಅಂತ ಬಂದದ್ದ ರೊಕ್ಕ ಹೌದಿಲ್ಲೊ?"

"ಹೌದ್ರಿ ಅಜ್ಜಾರ."

"ಅವ್ರು ಹೋದ್ರು. ನಾ ಹೋಗಲಿಲ್ಲ. ನಂದು ಪಗಾರ ನನಗ ಬಂತು, ಅವಂದು ಅವಗ ಬರಲಿಲ್ಲ. ಈಗ ಅವಂದೂ ನಾನ ತಿನ್ನಲೇನು?"

'ಅವ' ಅಂದರೆ ಆ ಪಕ್ಕದ ಊರಿನವನು. ಲೀಜನ್ನಿಗೆ ಹೋದವನು 1946ರಲ್ಲಿ ಊರಿಗೆ ಬಂದ, ಬರಿಗೈಲಿ. ಪಗಾರ ಇಲ್ಲ, ಪದಕ ಇಲ್ಲ, ಕಾಗದದಲ್ಲಿ ಡಿಸ್ಮಿಸ್. ತಮಾಷೆ ಅಂದರೆ ಅವನಿಗೆ ಯಾರೂ ಹಾರ ಹಾಕಲಿಲ್ಲ, ಅವನು ರಾತ್ರಿ ಬಂದಿದ್ದ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಮೂಟೆ ಹೊತ್ತು ಬದುಕಿದ, ಬಾಂಗ್ಲಾ ಯುದ್ಧಕ್ಕೆ ಮೊದಲೇ ತೀರಿಕೊಂಡ. ಅಜ್ಜ ಆ ಸಂಜೆ ಮಾಸ್ತರರಿಗೆ ಇನ್ನೊಂದು ಮಾತು ಹೇಳಿದ. "ಬರಿಯೂದಿದ್ರ ಅವನ ಹೇಣ್ತಿ ಹೆಸರ್ಲೆ ಬರೀರಿ. ಸಾಕ್ಷಿಗೆ ನಾ ಸಹಿ ಮಾಡ್ತೀನಿ." ಮಾಸ್ತರರು ಬರೆದರು. ಅಜ್ಜ ಸಹಿ ಮಾಡಿದ. ಆ ಹೆಂಗಸು ಆಗ ಇಚಲಕರಂಜಿಯಲ್ಲಿ ಮಗನ ಹತ್ತಿರ ಇದ್ದಳು. ಕೇಳಿದ ಪುರಾವೆಯ ಕಾಗದ ಯಾವುದೂ ಅವಳ ಹತ್ತಿರ ಇರಲಿಲ್ಲ, ಕೆಲಸ ಮುಂದೆ ಹೋಗಲಿಲ್ಲ. ಅಂತೂ ಎರಡು ಮನೆಗೂ ರೊಕ್ಕ ಬರಲಿಲ್ಲ.

ಈ ಎರಡನೇ ಅರ್ಜಿಯ ವಿಷಯ ಕಾಕಾನಿಗೆ ಗೊತ್ತೇ ಇರಲಿಲ್ಲ. ಅವರು ಆ ವಾರವೇ ಬೆಳಗಾವಿಗೆ ಹೊರಟಿದ್ದರು. ನಾನು ಹೇಳಿದಾಗ ಏನೂ ಅನ್ನಲಿಲ್ಲ, ಫೌಂಡ್ರಿಯಲ್ಲಿ ಸುಟ್ಟ ಎಡಗೈಯನ್ನು ಬಲಗೈಯಿಂದ ತಿಕ್ಕುತ್ತ ಕೂತರು. ಅವರ ಸಿಟ್ಟು ತಪ್ಪು ಅಂತ ನನಗೆ ಈಗಲೂ ಹೇಳೋಕೆ ಬರಲ್ಲ. ಅಜ್ಜನ ಲೆಕ್ಕ ಸರಿಯಾಗಿತ್ತು, ಅದರ ಬೆಲೆ ಕೊಟ್ಟದ್ದು ಹದಿನೇಳು ವರ್ಷದ ಹುಡುಗ. ಅವನನ್ನು ಯಾರೂ ಕೇಳಿರಲಿಲ್ಲ, ಟೋಬ್ರುಕ್‌ನಲ್ಲಿ ಅಜ್ಜನನ್ನು ಕೇಳದ ಹಾಗೇ.

ಉಳಿದದ್ದು ಹಾರದ ವಿಷಯ. 1946ರಲ್ಲಿ ಅಜ್ಜ ಡಿಸ್ಚಾರ್ಜ್ ಆಗಿ ಬಂದಾಗ ಊರ ಅಗಸಿಯಲ್ಲಿ ಜನ ಸೇರಿದ್ದರು. ಕೆಂಪುಕೋಟೆಯ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಎರಡು ವರ್ಷದ ಹಿಂದೆ 'ಕೈ ಎತ್ತಿದಾಂವ' ಅಂದವರೇ ನೇತಾಜಿಗೆ ಜೈ ಅಂತ ಕೂಗಿ ಚೆಂಡು ಹೂವಿನ ದಪ್ಪ ಹಾರ ಹಾಕಿದರು. ಅಜ್ಜ ಬೇಡ ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ. ಆಗಲೇ ಒಂದು ಮಾತು ಹೇಳಿದ್ದರೆ ಮುಂದೆ ಇಷ್ಟೆಲ್ಲ ಆಗುತ್ತಿರಲಿಲ್ಲ, ಅಲ್ವಾ? ಇದನ್ನು ಆಯಿಗೆ ಕೇಳಿದೆ. ಅವಳು ನಗಲು ಶುರು ಮಾಡಿದಳು. ಅವತ್ತು ಅವನು ಮನೆಗೆ ಬಂದು ಕಾಲು ತೊಳೆಯಲಿಲ್ಲವಂತೆ, ಅವ್ವನ ಕಾಲಿಗೆ ಬೀಳಲಿಲ್ಲವಂತೆ. ನೇರ ಕೊಟ್ಟಿಗೆಗೆ ಹೋಗಿ ಹಾರ ತೆಗೆದು ಮುದಿ ಎತ್ತಿನ ಕೊರಳಿಗೆ ಹಾಕಿದ. ಊರವರು ಹಿಂದೆಯೇ ಬಂದು ಪಡಸಾಲೆಯಲ್ಲಿ ಚಹಾಕ್ಕೆ ಕೂರೋ ಹೊತ್ತಿಗೆ ಜೊತೆಯ ಎತ್ತು ಕತ್ತು ಚಾಚಿ ಅದರಲ್ಲಿ ಅರ್ಧ ತಿಂದು ಮುಗಿಸಿತ್ತು.